ಅಪರಿಚಿತರಿಗೆ ಒಂದು ಒಳ್ಳೇ ಮಾತು ಹೇಳೋಕೆ ಗಂಟಲು ಕಟ್ಟೋದ್ಯಾಕೆ?

ಪ್ರಶ್ನೆ:

ಮೇಡಂ, ನನಗೆ 36 ವರ್ಷ. ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಲ್ಲಿ ಹೋಗಿ ಬರ್ತೀನಿ, ಒಂದು ಕಂಪನೀಲಿ ಲೆಕ್ಕಪತ್ರ ನೋಡೋ ಕೆಲಸ. ನಮ್ಮ ಬೀದಿಗೆ ಬರೋ ಪೌರಕಾರ್ಮಿಕ ಮಹಿಳೆಯೊಬ್ಬರು ಮೊನ್ನೆ ಮಳೆಯಲ್ಲೇ ನಿಂತು ಚರಂಡಿ ಬಾಯಿಗೆ ಸಿಕ್ಕಿಕೊಂಡಿದ್ದ ಕಸ ಎಲ್ಲ ತೆಗೆದು ನೀರು ಹರಿಯೋ ಹಾಗೆ ಮಾಡಿದ್ರು. ಇಲ್ಲದಿದ್ರೆ ನಮ್ಮನೆ ಹೊಸಿಲು ದಾಟಿ ನೀರು ಒಳಗೆ ಬರ್ತಿತ್ತು. ಬಾಗಿಲಲ್ಲೇ ನಿಂತಿದ್ದೆ. ಏನಾದ್ರೂ ಹೇಳಬೇಕು ಅಂತ ಬಾಯಿವರೆಗೂ ಬಂತು, ಎದೆ ಡವಡವ ಅಂತು, ಹೇಳೋಕಾಗಲಿಲ್ಲ. ಬಸ್ ಡ್ರೈವರ್, ಹೋಟೆಲ್‌ನವರು, ಪ್ಯಾಂಟ್ ಆಲ್ಟರ್ ಮಾಡೋ ಟೈಲರ್, ಎಲ್ಲರ ಹತ್ರಾನೂ ಇದೇ ಕಥೆ. ‘ಊರ ಉಸಾಬರಿ ನಿಮಗ್ಯಾಕೆ, ಏನಾದ್ರೂ ಅಂದ್ಕೊಂಡಾರು’ ಅಂತಾಳೆ ಹೆಂಡತಿ. ಜೊತೇಲಿ ರೈಲಿಗೆ ಬರೋ ಗೆಳೆಯ ‘ಇದೆಲ್ಲ ಬಕೆಟ್ ಹಿಡಿಯೋದು ಗುರು’ ಅಂತ ನಗ್ತಾನೆ. ಆದ್ರೆ ಎರಡು ವರ್ಷದ ಹಿಂದೆ ವಯಸ್ಸಾದವರೊಬ್ಬರು ಕ್ಯಾತ್ಸಂದ್ರದಲ್ಲಿ ಇಳಿಯೋವಾಗ ನನ್ನ ಭುಜ ತಟ್ಟಿ, ‘ಕೇಳದೇನೆ ಎದ್ದು ಜಾಗ ಕೊಟ್ಟೆಯಲ್ಲಪ್ಪ, ಯಾರು ಹೆತ್ತ ಮಗನೋ’ ಅಂದಿದ್ರು. ಇವತ್ತಿಗೂ ನೆನಪಿದೆ. ಒಂದು ಮಾತಿಂದ ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗುತ್ತಾ? ತಪ್ಪು ತಿಳ್ಕೊಳ್ಳದ ಹಾಗೆ ಹೇಳೋದು ಹೇಗೆ? ಹೆಂಗಸರಿಗೆ ಹೇಳಬಹುದಾ?

ಉತ್ತರ:

ಆ ಹಿರಿಯರು ನಿಮ್ಮ ಹೆಸರು ಕೇಳಲಿಲ್ಲ, ನೀವೂ ಅವರದ್ದು ಯಾವೂರು ಅಂತ ಕೇಳಿದ ಹಾಗಿಲ್ಲ. ಈ ಎರಡು ವರ್ಷದಲ್ಲಿ ಆಫೀಸಿನಲ್ಲಿ ಯಾರಾದರೂ ನಿಮ್ಮನ್ನು ಹೊಗಳಿಯೇ ಇರುತ್ತಾರೆ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸಿಕೊಟ್ಟಾಗಲಾದರೂ ‘ಗುಡ್ ಜಾಬ್’ ಅಂದಿರುತ್ತಾರೆ. ಅದನ್ನು ನೀವು ಬರೆದಿಲ್ಲ. ಬರೆದಿರುವುದು ರೈಲಿನ ಬಾಗಿಲಲ್ಲಿ ಅರ್ಧ ನಿಮಿಷ ಸಿಕ್ಕವರ ಮಾತನ್ನು. ಇದು ನಿಮ್ಮೊಬ್ಬರ ಸ್ವಭಾವವೇನಲ್ಲ. ಸಮಾಲೋಚನೆಗೆ ಬಂದವರನ್ನು ನಾನು ಆಗಾಗ ಕೇಳುವುದುಂಟು: ಮನೆಯವರು, ನೆಂಟರು, ಮೇಲಧಿಕಾರಿ ಇವರನ್ನೆಲ್ಲ ಬಿಟ್ಟು ಬೇರೆ ಯಾರಾದರೂ ನಿಮಗೆ ಕೊನೆಯ ಸಲ ಒಳ್ಳೇ ಮಾತು ಹೇಳಿದ್ದು ಯಾವಾಗ? ಬಹಳ ಮಂದಿ ಸುಮ್ಮನಾಗಿಬಿಡುತ್ತಾರೆ. ನೆನಪಾದವರಿಗೆ ಮಾತ್ರ ಜಾಗ, ಹೊತ್ತು, ಹೇಳಿದವರು ತೊಟ್ಟಿದ್ದ ಬಟ್ಟೆ ಸಮೇತ ನೆನಪಾಗುತ್ತದೆ.

ಮನೆಯವರ ಮೆಚ್ಚುಗೆಯಲ್ಲಿ ಮಮತೆ ಕಲೆತಿರುತ್ತದೆ. ತಾಯಿಗೆ ಮಗ ಏನು ಮಾಡಿದರೂ ಚೆನ್ನ. ಮೇಲಧಿಕಾರಿ ಮೆಚ್ಚಿಕೊಂಡರೆ ಅದರ ಬೆನ್ನಿಗೇ ಇನ್ನೊಂದು ಕೆಲಸ ಬರುತ್ತದೆ. ದೂರದ ನೆಂಟರು ಹೊಗಳಿದರೆ ಸಾಲ ಕೇಳುತ್ತಾರೇನೋ ಅನ್ನಿಸುತ್ತದೆ (ತಮಾಷೆಗೆ ಹೇಳಿದೆ, ಪೂರ್ತಿ ತಮಾಷೆಯೂ ಅಲ್ಲ). ಮತ್ತೆಂದೂ ಕಾಣದ ಮನುಷ್ಯ ಹೇಳಿದಾಗ ಈ ಯಾವ ಲೆಕ್ಕಾಚಾರಕ್ಕೂ ಅವಕಾಶ ಇಲ್ಲ. ಕಂಡದ್ದನ್ನು ಹೇಳಿದರು, ಇಳಿದು ಹೋದರು. ಅವರಿಗೆ ನಿಮ್ಮಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹಾಗಾಗಿ ಮನಸ್ಸು ಆ ಮಾತನ್ನು ನಂಬುತ್ತದೆ.

ಈಗ ನಿಮ್ಮ ಗಂಟಲಿನ ವಿಷಯಕ್ಕೆ ಬರೋಣ. ಅಮೆರಿಕದ ಎರಿಕಾ ಬೂತ್‌ಬಿ ಮತ್ತು ವನೆಸ್ಸಾ ಬೋನ್ಸ್ ಅನ್ನುವ ಸಂಶೋಧಕಿಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹಿಡಿದು ನೋಡಿತು. ಜನರನ್ನು ಗುರುತಿಲ್ಲದವರ ಹತ್ತಿರ ಕಳಿಸಿ, ಅವರಲ್ಲಿ ಕಂಡ ಒಂದು ಒಳ್ಳೆಯದನ್ನು ಹೇಳಿ ಬನ್ನಿ ಅಂದರು. ಹೋಗುವ ಮುಂಚೆ ಕೇಳಿದರು: ಅವರಿಗೆ ಎಷ್ಟು ಖುಷಿಯಾಗಬಹುದು, ಎಷ್ಟು ಕಿರಿಕಿರಿಯಾಗಬಹುದು? ಕೇಳಿಸಿಕೊಂಡವರಿಗೆ ನಿಜಕ್ಕೂ ಏನನ್ನಿಸಿತು ಅನ್ನುವುದನ್ನು ಬೇರೆಯಾಗಿ ವಿಚಾರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹೇಳುವವರು ಖುಷಿಯನ್ನು ಕಡಿಮೆ ಅಂದಾಜು ಮಾಡಿದ್ದರು, ಕಿರಿಕಿರಿಯನ್ನು ಜಾಸ್ತಿ ಅಂದಾಜು ಮಾಡಿದ್ದರು. ಅದೇ ಹೊತ್ತಿಗೆ ಶುವಾನ್ ಝಾವ್ ಮತ್ತು ನಿಕೊಲಸ್ ಎಪ್ಲಿ ಅವರ ಅಧ್ಯಯನವೂ ಬಂತು, ಅದು ಇದರ ಕಾರಣವನ್ನು ಇನ್ನಷ್ಟು ಬಿಡಿಸಿತು. ಹೇಳುವವರ ತಲೆಯಲ್ಲಿ ಓಡುವುದು ‘ಸರಿಯಾದ ಮಾತು ಬರುತ್ತಾ, ತೊದಲ್ತೀನಾ, ಪೆದ್ದನ ಥರ ಕಾಣ್ತೀನಾ’ ಅನ್ನುವ ಪರೀಕ್ಷೆ. ಕೇಳುವವರು ಆ ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿರುವುದಿಲ್ಲ. ಅವರಿಗೆ ತಲುಪುವುದು ಮಾತಿನ ಹಿಂದಿನ ಅಕ್ಕರೆ. ಮಾತು ಅಡ್ಡಾದಿಡ್ಡಿ ಬಂದರೂ ಅದು ತಲುಪುತ್ತದೆ.

ಬಾಗಿಲಲ್ಲಿ ನಿಂತಿದ್ದಾಗ ನಿಮಗೆ ಆಗಿದ್ದೂ ಬಹುಶಃ ಇದೇ. ‘ಒಳ್ಳೇ ಕೆಲಸ ಮಾಡಿದ್ರಿ’ ಅಂದರೆ ಸಾಹೇಬರ ಧಾಟಿ ಆಗುತ್ತೇನೋ, ಬರೀ ‘ಥ್ಯಾಂಕ್ಸ್’ ಅಂದರೆ ಕಮ್ಮಿಯಾಗುತ್ತೇನೋ ಅಂತ ತೂಗುತ್ತಾ ನಿಂತಿರಿ. ಅಷ್ಟರಲ್ಲಿ ಅವರು ಪಕ್ಕದ ಮನೆ ಮುಂದಕ್ಕೆ ಹೋದರು. ಆ ಹಿರಿಯರು ನಿಮಗೆ ಹೇಳಿದ್ದು ಅಚ್ಚುಕಟ್ಟಾದ ವಾಕ್ಯವೇ? ‘ಯಾರು ಹೆತ್ತ ಮಗನೋ’ ಅಂತ ಅರ್ಧಕ್ಕೇ ನಿಂತ ಮಾತು ಅದು. ನಿಮಗೆ ಏನೂ ಕಮ್ಮಿ ಅನ್ನಿಸಲಿಲ್ಲವಲ್ಲ.

ಅಮೆರಿಕದ ಸಂಶೋಧನೆ ನಮ್ಮೂರಿಗೆ ಹೊಂದುತ್ತದೆಯೇ ಅಂತ ನೀವು ಕೇಳಬಹುದು, ಕೇಳಲೇಬೇಕು. ಇದೇ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಚಿಕಾಗೋ ರೈಲು ಪ್ರಯಾಣಿಕರ ಮೇಲೆ ಮಾಡಿದ ಪ್ರಯೋಗ ಒಂದಿದೆ: ಅಲ್ಲಿನವರು ಪಕ್ಕದವರ ಜೊತೆ ಮಾತಾಡಿದರೆ ಪ್ರಯಾಣ ಹಿಂಸೆಯಾಗುತ್ತೆ ಅಂದುಕೊಂಡಿದ್ದರು, ಮಾತಾಡಿ ನೋಡಿದಾಗ ಪ್ರಯಾಣ ಹಿತವಾಗಿತ್ತು. ಅದನ್ನು ಓದಿ ನನಗೆ ನಗು ಬಂದಿತ್ತು. ನಮ್ಮ ತುಮಕೂರು ರೈಲಲ್ಲಿ ಡಾಬಸ್‌ಪೇಟೆ ಬರೋದರೊಳಗೆ ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು, ಅಡಿಕೆ ರೇಟು ಎಷ್ಟಾಯ್ತು ಎಲ್ಲ ವಿಚಾರಣೆ ಮುಗಿದಿರುತ್ತದೆ. ಗುರುತಿಲ್ಲದವರ ಜೊತೆ ಮಾತಾಡೋದು ನಮಗೆ ಯಾರೂ ಕಲಿಸಬೇಕಿಲ್ಲ. ಗುರುತಿಲ್ಲದವರನ್ನು ಮೆಚ್ಚುವುದು ಬೇರೆಯೇ ಸಂಗತಿ, ಅಲ್ಲಿ ನಮಗೆ ನಮ್ಮದೇ ಅಡ್ಡಿಗಳಿವೆ.

ಮೊದಲನೆಯದು ದೃಷ್ಟಿ. ನಮ್ಮ ಕಡೆ ಮಗು ದುಂಡುದುಂಡಗಿದೆ ಅನ್ನಬಾರದು, ಹಸು ಇಷ್ಟು ಲೀಟರ್ ಹಾಲು ಕೊಡುತ್ತಾ ಅಂತ ಬಾಯಿ ಬಿಡಬಾರದು, ಬೆಳೆದು ನಿಂತ ತೋಟದ ಮುಂದೆ ನಿಂತು ಆಹಾ ಅನ್ನಬಾರದು. ಮನೆ ಕಟ್ಟಿದರೆ ಬೂದುಗುಂಬಳ ಕಟ್ಟುತ್ತೇವೆ, ಹೊಲಕ್ಕೆ ಬೆದರುಬೊಂಬೆ ನಿಲ್ಲಿಸುತ್ತೇವೆ. ಇದನ್ನು ಮೂಢನಂಬಿಕೆ ಅಂತ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ನಂಬುವವರ ಮುಂದೆ ನೀವು ಅವರ ಹಸುವಿನ ಹಾಲು ಹೊಗಳಿದರೆ, ನೀವು ಹೋದ ಮೇಲೆ ಅವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ; ನಿಮ್ಮ ಮಾತಿನಿಂದ ಅವರಿಗೆ ಸಿಕ್ಕಿದ್ದು ಚಿಂತೆ. ದಾರಿ ಇದೆ. ಫಲವನ್ನು ಬಿಟ್ಟು ಆರೈಕೆಯನ್ನು ಹೇಳಿ. ‘ಎಷ್ಟು ಹಾಲು ಕೊಡುತ್ತೆ’ ಅನ್ನೋ ಬದಲು ‘ಕೊಟ್ಟಿಗೆ ಎಷ್ಟು ಶುದ್ಧ ಇಟ್ಟಿದ್ದೀರಿ ಕಣಕ್ಕ, ಒಂದು ನೊಣ ಇಲ್ಲ’ ಅನ್ನಿ. ನಮ್ಮ ಅಜ್ಜಿಯರ ಉಪಾಯ ಇನ್ನೂ ಚೆನ್ನಾಗಿತ್ತು. ಮಗುವಿನ ಕೆನ್ನೆ ಸವರಿ ‘ಎಷ್ಟು ಲಕ್ಷಣವಾಗಿದ್ದೀಯೋ ನನ್ನಪ್ಪ’ ಅಂತ ಹೇಳಿಬಿಟ್ಟು, ಅದೇ ಕೈ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿದು, ತಾವೇ ದೃಷ್ಟಿಯನ್ನೂ ತೆಗೆದುಬಿಡುತ್ತಿದ್ದರು.

ಎರಡನೆಯದು, ಹೊಗಳಿಕೆ ಕೆಟ್ಟದ್ದು ಅನ್ನುವ ಎಚ್ಚರಿಕೆ. ತುಮಕೂರಿನಂಥ ಮಠಗಳ ನಾಡಿನಲ್ಲಿ ಬೆಳೆದವರಿಗೆ ಬಸವಣ್ಣನವರು ಹೊಗಳಿಕೆಯನ್ನು ಹೊನ್ನಶೂಲ ಅಂತ ಕರೆದದ್ದು ಗೊತ್ತಿರುತ್ತದೆ. ಆದರೆ ಆ ಮಾತು ಯಾರದ್ದು ಅನ್ನುವುದನ್ನೂ ನೋಡಬೇಕು. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ, ಸುತ್ತ ಭಕ್ತರ ಗುಂಪೇ ಇದ್ದ ಮನುಷ್ಯ, ತನ್ನವರೇ ತನ್ನನ್ನು ಹೊಗಳಿ ಹೊಗಳಿ ಶೂಲಕ್ಕೇರಿಸಿದರು ಅಂತ ಸಂಕಟಪಟ್ಟದ್ದು ಅದು. ಅಧಿಕಾರ ಇರುವವರಿಗೆ, ಸುತ್ತ ಜನ ಇರುವವರಿಗೆ ಆ ಎಚ್ಚರ ಬೇಕು. ಇಡೀ ವರ್ಷದಲ್ಲಿ ಒಬ್ಬರೂ ಒಂದು ಒಳ್ಳೇ ಮಾತು ಆಡದ ಬಸ್ ಡ್ರೈವರಿಗೆ ಯಾವ ಶೂಲವೂ ಇಲ್ಲ. ನಮ್ಮಲ್ಲಿ ನಡೆಯುತ್ತಿರುವುದು ತಲೆಕೆಳಗು: ಶಾಲು, ಹಾರ, ಪೇಟ ಎಲ್ಲ ಈಗಾಗಲೇ ಹೊಗಳಿಸಿಕೊಂಡು ಸಾಕಾದವರಿಗೆ, ಎಚ್ಚರಿಕೆಯ ಮಾತು ಮಾತ್ರ ಉಳಿದವರಿಗೆ.

ಮೂರನೆಯದು ನಿಮ್ಮ ಗೆಳೆಯರ ಬಕೆಟ್. ಅವರ ನಗೆಗೂ ಒಂದು ಅರ್ಥವಿದೆ. ಆಫೀಸಿನಲ್ಲಿ, ರಾಜಕೀಯದಲ್ಲಿ ನಾವು ನೋಡುವ ಹೊಗಳಿಕೆಯಲ್ಲಿ ಬಹುಪಾಲು ಏನನ್ನೋ ಪಡೆಯುವುದಕ್ಕೆ ಆಡಿದ್ದು. ಆದರೆ ಬಕೆಟ್ ಹಿಡಿಯುವುದು ಯಾವಾಗಲೂ ಮೇಲಿನವರಿಗೆ, ಕೆಲಸ ಆಗಬೇಕಾದವರಿಗೆ. ಇಳಿದುಹೋಗುವ ಬಸ್ಸಿನ ಡ್ರೈವರಿಗೆ ಯಾರೂ ಬಕೆಟ್ ಹಿಡಿಯುವುದಿಲ್ಲ, ಹಿಡಿದು ಸಿಗುವುದೂ ಏನಿಲ್ಲ. ಗೆಳೆಯರಿಗೆ ಇಷ್ಟು ಹೇಳಿ ನೋಡಿ.

ನಮ್ಮ ಜನಕ್ಕೆ ಮೆಚ್ಚಲು ಬರುವುದಿಲ್ಲ ಅಂತಲೂ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಯಾವುದಾದರೂ ಊರಿನ ಪೌರಾಣಿಕ ನಾಟಕಕ್ಕೆ ಹೋಗಿ ಕೂತು ನೋಡಿ. ಹಗಲು ಟ್ರ್ಯಾಕ್ಟರ್ ಓಡಿಸೋರು, ಅಂಗಡಿ ಇಟ್ಟಿರೋರು, ಮೇಷ್ಟ್ರು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲಿತು, ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು ರಾತ್ರಿಯೆಲ್ಲ ದುರ್ಯೋಧನ, ಭೀಮ, ಕೃಷ್ಣ ಆಗುತ್ತಾರೆ. ಹಾಡೊಂದು ಚೆನ್ನಾಗಿ ಬಂದರೆ ‘ಒನ್ಸ್ ಮೋರ್’ ಅಂತ ಕೂಗು ಏಳುತ್ತದೆ. ಮೈಕಿನಲ್ಲಿ, ಭೀಮನ ಪಾತ್ರಧಾರಿಯ ಅಭಿನಯ ಮೆಚ್ಚಿ ಇಂಥ ಊರಿನ ಇಂಥವರು ನೂರಾ ಒಂದು ರೂಪಾಯಿ ಬಹುಮಾನ ಕೊಟ್ಟಿದ್ದಾರೆ ಅಂತ ಕೂಗುತ್ತಾರೆ. ಕೊಟ್ಟವರು ಪಕ್ಕದೂರಿನವರು, ಭೀಮನನ್ನು ಹಗಲಲ್ಲಿ ನೋಡಿಯೂ ಇರುವುದಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಇದೇ ಜಿಲ್ಲೆಯಿಂದ ಹೊರಟು ಊರೂರು ಸುತ್ತಿದ್ದು ಅಪರಿಚಿತರ ಇಂಥ ಮೆಚ್ಚುಗೆಯನ್ನು ನಂಬಿಕೊಂಡೇ. ಅಂದರೆ ಮೆಚ್ಚುವ ಕೈ ನಮಗೆ ಧಾರಾಳವಾಗಿಯೇ ಇದೆ, ರಂಗದ ಮೇಲಿದ್ದವರಿಗೆ. ಬಣ್ಣ ತೊಳೆದುಕೊಂಡು ಬೆಳಿಗ್ಗೆ ಅದೇ ಮನುಷ್ಯ ಟ್ರ್ಯಾಕ್ಟರ್ ಹತ್ತಿ, ನಿಮ್ಮ ಹೊಲವನ್ನು ಒಂದು ಗೆರೆ ಸೊಟ್ಟ ಹೋಗದ ಹಾಗೆ ಉತ್ತುಕೊಟ್ಟರೆ ಬಾಯಿ ಬರುವುದಿಲ್ಲ. ಅದು ಅವನ ಕೆಲಸ, ದುಡ್ಡು ಕೊಟ್ಟಿದ್ದೀವಲ್ಲ ಅನ್ನುತ್ತೇವೆ.

ದುಡ್ಡು ಕೊಟ್ಟಾಯಿತು ಅನ್ನುವ ಈ ಭಾವನೆಯೇ ಉಳಿದ ಎಲ್ಲ ಅಡ್ಡಿಗಳಿಗಿಂತ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ದುಡ್ಡು ಕೊಟ್ಟು ಪಡೆದ ಕೆಲಸದಲ್ಲಿ ತಪ್ಪಾದರೆ ಹೇಳುವ ಹಕ್ಕು ನಮ್ಮದು, ಸರಿಯಾದರೆ ಸುಮ್ಮನಿರುವುದೂ ನಮ್ಮ ಹಕ್ಕು ಅಂದುಕೊಂಡಿದ್ದೇವೆ. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಮಾತ್ರ ಅಡುಗೆಯವರು ನೆನಪಾಗುತ್ತಾರೆ. ಕಂಡಕ್ಟರ್ ಕಿವಿಗೆ ದಿನವಿಡೀ ಬೀಳುವುದು ಚಿಲ್ಲರೆ ಜಗಳ, ಸ್ಟಾಪಲ್ಲಿ ಯಾಕೆ ನಿಲ್ಲಿಸಲಿಲ್ಲ ಅನ್ನುವ ಬೈಗುಳ. ಜಿಲ್ಲಾಸ್ಪತ್ರೆಯ ನರ್ಸ್, ಪಡಿತರ ಅಂಗಡಿಯವರು, ಬ್ಯಾಂಕಿನ ಕೌಂಟರಿನವರು ಎಲ್ಲರದ್ದೂ ಇದೇ ಪಾಡು. ನೂರು ಜನ ಏನೂ ಹೇಳದೆ ಹೋದರು, ಇಬ್ಬರು ಬೈದು ಹೋದರು ಅಂದರೆ ಸಂಜೆ ಮನೆಗೆ ಹೋಗುವಾಗ ತಲೆಯಲ್ಲಿ ಉಳಿಯುವುದು ಆ ಇಬ್ಬರೇ. ಅಂಥ ದಿನದ ನಡುವೆ ಮೂರನೆಯವರೊಬ್ಬರು ಬಂದು ಬೇರೆ ಏನನ್ನೋ ಹೇಳಿದರೆ ಅದರ ತೂಕ ಹೆಚ್ಚಾಗುವುದು ಸಹಜ. ‘ನಿಜವಾಗ್ಲೂ ಅಷ್ಟು ವ್ಯತ್ಯಾಸ ಆಗುತ್ತಾ’ ಅಂದಿರಲ್ಲ, ಆಗುವುದು ಇಲ್ಲಿ.

ಹೇಳಿದವರಿಗೂ ಲಾಭ ಇದೆ. ಕೆನಡಾದ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಕಾಫಿ ಅಂಗಡಿಗೆ ಬಂದ ಕೆಲವರಿಗೆ ಕೊಡುವವರ ಮುಖ ನೋಡಿ ನಕ್ಕು ಎರಡು ಮಾತಾಡಿ ಅಂದರು, ಕೆಲವರಿಗೆ ಬೇಗ ಬೇಗ ಮುಗಿಸಿಕೊಂಡು ಬನ್ನಿ ಅಂದರು. ಮಾತಾಡಿ ಬಂದವರ ಮನಸ್ಸು ಹೆಚ್ಚು ಹಗುರವಾಗಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈ ತೊಳೆದು ಓಡುವ ಮುಂಚೆ ಇದನ್ನು ಪರೀಕ್ಷೆ ಮಾಡಿ ನೋಡಬಹುದು, ಖರ್ಚೇನಿಲ್ಲ. ಗಲ್ಲಾದಲ್ಲಿ ಕೂತವರಿಗೆ ಹೇಳುವುದಕ್ಕಿಂತ, ‘ಒಳಗೆ ಇಡ್ಲಿ ಬೇಯಿಸಿದವರಿಗೆ ಹೇಳಿ, ಇವತ್ತು ಹೂವಿನಂಗೆ ಬಂದೈತೆ’ ಅಂದರೆ ಒಳಗಿನವರಿಗೆ ಮುಟ್ಟುತ್ತದೆ.

ಇನ್ನು ಹೇಳುವ ರೀತಿ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಕಣ್ಣು, ಬಾಯಿ ಆಮೇಲೆ. ‘ಸೂಪರ್ ಅಣ್ಣ’, ‘ಸಕ್ಕತ್ತಾಗಿದೆ’ ಇವೆಲ್ಲ ಕೆಟ್ಟ ಮಾತೇನಲ್ಲ, ಆದರೆ ಯಾರಿಗೆ ಬೇಕಾದರೂ ಯಾವ ಹೊತ್ತಿಗೆ ಬೇಕಾದರೂ ಅಂಟಿಸಬಹುದಾದ ಮಾತು. ಎದುರಿನವರ ಕೆಲಸದಲ್ಲಿ ಒಂದು ಸಣ್ಣ ಸಂಗತಿಯನ್ನು ನೀವು ನಿಜಕ್ಕೂ ಗಮನಿಸಿದ್ದರೆ ಅದನ್ನೇ ಹೇಳಿ. ಡ್ರೈವರಿಗೆ, ‘ಅಣ್ಣ, ಬ್ರೇಕ್ ಹಾಕೋದೇ ಗೊತ್ತಾಗಲಿಲ್ಲ, ನಮ್ಮಮ್ಮ ಸೊಂಟ ನೋವಿದ್ರೂ ಆರಾಮಾಗಿ ಬಂದ್ರು.’ ಟೈಲರಿಗೆ, ‘ಆಲ್ಟರ್ ಮಾಡಿರೋ ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು ನೋಡಿ.’ ಅಂತರಸನಹಳ್ಳಿ ಮಾರ್ಕೆಟ್ಟಿನ ಹೂವಿನವರಿಗೆ, ‘ಎಷ್ಟು ಒತ್ತಾಗಿ ಕಟ್ಟಿದ್ದೀರಕ್ಕ, ನೆನ್ನೆ ತಗೊಂಡಿದ್ದು ಇವತ್ತೂ ಒಂದೆಸಳು ಉದುರಿಲ್ಲ.’ ಇಷ್ಟು ಹೇಳಲು ಕವಿಯಾಗಬೇಕಿಲ್ಲ, ನೋಡಿರಬೇಕು ಅಷ್ಟೇ. ನೋಡದೇ ಇದ್ದರೆ ಹೇಳಬೇಡಿ. ದಿನಕ್ಕೆ ಇಷ್ಟು ಜನರನ್ನು ಮೆಚ್ಚಬೇಕು ಅಂತ ವ್ರತ ಹಿಡಿಯುವವರನ್ನು ಕಂಡಿದ್ದೇನೆ. ಸ್ವಲ್ಪ ದಿನಕ್ಕೇ ಅವರ ಮಾತು ಗ್ರೀಟಿಂಗ್ ಕಾರ್ಡಿನ ಥರ ಆಗುತ್ತದೆ, ಎದುರಿನವರಿಗೂ ಗೊತ್ತಾಗುತ್ತದೆ.

ಮಾರ್ಕೆಟ್ಟಿನಲ್ಲಿ ಒಂದು ಎಚ್ಚರಿಕೆ. ಚೌಕಾಸಿ ಮುಗಿದು ದುಡ್ಡು ಕೈ ಬದಲಾದ ಮೇಲೆ ಮೆಚ್ಚಿ. ಮುಂಚೆ ಮೆಚ್ಚಿದರೆ ಒಂದೋ ರೇಟು ಏರುತ್ತದೆ, ಇಲ್ಲಾ ರೇಟು ಇಳಿಸೋಕೆ ಹೊಗಳ್ತಿದ್ದಾನೆ ಅಂತ ಅವರು ಅಂದುಕೊಳ್ಳುತ್ತಾರೆ. ಎರಡರಲ್ಲೂ ನಿಮ್ಮ ಮಾತು ಕೆಟ್ಟಿತು. ಪಾವಗಡದ ಕಡೆಯಿಂದ ಬಂದವರಾದರೆ ಎರಡು ಮಾತು ತೆಲುಗಲ್ಲಿ, ಗ್ಯಾರೇಜಿನ ಭಾಯ್‌ಗೆ ಉರ್ದುವಲ್ಲಿ ಹೇಳಲು ಬಂದರೆ ಇನ್ನೂ ಒಳ್ಳೆಯದು.

ಮೈ, ಬಣ್ಣ, ತೂಕ ಇವುಗಳ ತಂಟೆಗೆ ಹೋಗಲೇಬೇಡಿ. ‘ಸಣ್ಣ ಆಗಿದ್ದೀರಿ, ಚೆನ್ನಾಗಿ ಕಾಣ್ತೀರಿ’ ಅನ್ನುವುದನ್ನು ಸಕ್ಕರೆ ಕಾಯಿಲೆ ಬಂದು ಇಳಿದವರಿಗೆ, ಮನೆಯಲ್ಲಿ ಸಾವಾಗಿ ಊಟ ಬಿಟ್ಟವರಿಗೆ ಹೇಳಿಬಿಟ್ಟಿರುತ್ತೇವೆ. ‘ಮಗು ಬೆಳ್ಳಗಿದೆ’ ಅನ್ನುವುದು ಪಕ್ಕದಲ್ಲಿ ನಿಂತ ಕಪ್ಪಗಿನ ಅಕ್ಕನಿಗೆ ಹೊಡೆದ ಹಾಗೆ. ಹುಟ್ಟಿನಿಂದ ಬಂದದ್ದಕ್ಕಿಂತ ಮನುಷ್ಯ ತಾನಾಗಿ ಮಾಡಿದ್ದನ್ನು ಮೆಚ್ಚುವುದು ಮೇಲು. ಮಕ್ಕಳ ವಿಷಯದಲ್ಲಿ ಇದಕ್ಕೆ ಆಧಾರವೂ ಇದೆ: ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನೀನು ಬುದ್ಧಿವಂತ’ ಅಂತ ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಲೆಕ್ಕ ಎದುರಾಗಿ ಸೋತಾಗ ಬೇಗ ಕುಗ್ಗಿದರು; ‘ಚೆನ್ನಾಗಿ ಪ್ರಯತ್ನಪಟ್ಟೆ’ ಅನ್ನಿಸಿಕೊಂಡವರು ಬಿಡದೆ ಕೂತರು. ರೈಲಲ್ಲಿ ಎದುರು ಕೂತು ಪುಸ್ತಕ ಓದುವ ಹುಡುಗಿಗೆ ಏನಾದರೂ ಹೇಳಬೇಕು ಅನ್ನಿಸಿದರೆ ‘ಜಾಣೆ’ ಅನ್ನುವುದಕ್ಕಿಂತ ‘ಇಷ್ಟು ಗದ್ದಲದಲ್ಲೂ ಓದ್ತಾ ಇದೀಯಲ್ಲಮ್ಮ’ ಅನ್ನಿ.

ಏಕವಚನದಲ್ಲಿ ಮೆಚ್ಚುವುದು ಇನ್ನೊಂದು ನಮ್ಮ ಹಳೇ ರೋಗ. ಚಿಕ್ಕ ಮಕ್ಕಳಿಗೆ ಸರಿ. ನಿಮಗಿಂತ ಹತ್ತು ವರ್ಷ ದೊಡ್ಡವರಾದ ಆಟೋದವರಿಗೆ, ಕಸ ಗುಡಿಸುವವರಿಗೆ ‘ಪರವಾಗಿಲ್ವೇ, ಚೆನ್ನಾಗಿ ಮಾಡಿದ್ದೀಯ’ ಅಂದರೆ ಅದು ಮೆಚ್ಚುಗೆ ಅಲ್ಲ, ಒಡೆತನ. ‘ಪರವಾಗಿಲ್ವೇ’ ಅನ್ನುವುದರಲ್ಲೇ ನಿನ್ನಿಂದ ಇಷ್ಟು ನಿರೀಕ್ಷೆ ಮಾಡಿರಲಿಲ್ಲ ಅನ್ನುವುದು ಕೂತಿದೆ. ಅಣ್ಣ, ಅಕ್ಕ, ಅಮ್ಮ, ಯಜಮಾನ್ರೇ, ಇವುಗಳಲ್ಲಿ ಯಾವುದು ಹೊಂದುತ್ತದೋ ಅದನ್ನು ಹಾಕಿ, ಬಹುವಚನ ಹಾಕಿ.

ಹೇಳಿದ ಮೇಲೆ ಅವರು ‘ಅಯ್ಯೋ ಬಿಡಿ ಸಾರ್, ಅದೇನ್ ಮಹಾ’ ಅಂತ ತಳ್ಳಿಹಾಕಬಹುದು. ಹೊಸ ಸೀರೆ ಚೆನ್ನಾಗಿದೆ ಅಂದರೆ ‘ಇದಾ, ಹಳೇದು’ ಅನ್ನುವುದು ನಮ್ಮ ಮರ್ಯಾದೆಯ ಕ್ರಮ. ಮಾತು ಮುಟ್ಟಲಿಲ್ಲ ಅಂದುಕೊಳ್ಳಬೇಡಿ, ಇನ್ನೊಂದು ಸಲ ಒತ್ತಿ ಹೇಳಲೂಬೇಡಿ. ತಲೆಯಾಡಿಸಿ ಹೊರಡಿ. ಹೊರಡುವುದು ಮುಖ್ಯ. ನಿಂತುಕೊಂಡರೆ ಏನೋ ಕಾಯುತ್ತಿದ್ದೀರಿ ಅಂತ ಆಗುತ್ತದೆ.

ಹೆಂಗಸರಿಗೆ ಹೇಳಬಹುದಾ ಅನ್ನುವ ಪ್ರಶ್ನೆ ಕೇಳಿದ್ದೇ ಒಳ್ಳೆಯದಾಯಿತು, ಎಷ್ಟೋ ಗಂಡಸರು ಕೇಳುವುದೇ ಇಲ್ಲ. ಹದಿಮೂರು ಹದಿನಾಲ್ಕನೇ ವಯಸ್ಸಿನಿಂದ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನ ದಾರಿಯಲ್ಲಿ ಕೇಳುವ ‘ಹೊಗಳಿಕೆ’ ಎಂಥದ್ದು ಅಂತ ನಿಮ್ಮ ಹೆಂಡತಿಯನ್ನು ಕೇಳಿ, ಹೇಳುತ್ತಾರೆ. ಒಳ್ಳೇ ಮಾತಿನಿಂದ ಶುರು ಮಾಡಿ ಹಿಂದೆ ಬೀಳುವವರು ಇರುವುದರಿಂದಲೇ, ಗುರುತಿಲ್ಲದ ಗಂಡಸು ಬಾಯಿ ತೆರೆದ ಕೂಡಲೇ ಅವರು ಹುಷಾರಾಗುತ್ತಾರೆ. ಅದು ಅಹಂಕಾರ ಅಲ್ಲ, ಅನುಭವ. ‘ಏನಾದ್ರೂ ಅಂದ್ಕೊಂಡಾರು’ ಅನ್ನುವ ನಿಮ್ಮ ಹೆಂಡತಿಯ ಮಾತಿನಲ್ಲಿ ಆ ಅನುಭವವೂ ಇರಬಹುದು, ತಳ್ಳಿಹಾಕಬೇಡಿ. ಕೆಲಸದಲ್ಲಿರುವ ಮಹಿಳೆಗೆ ಅವರ ಕೆಲಸದ ಬಗ್ಗೆ, ನಾಲ್ಕು ಜನರ ಮುಂದೆ, ಒಂದೇ ವಾಕ್ಯದಲ್ಲಿ ಹೇಳಬಹುದು. ‘ಇಷ್ಟು ರಶ್ಶಲ್ಲೂ ಆ ಅಜ್ಜಿಗೆ ಸೀಟು ಮಾಡಿಕೊಟ್ರಲ್ಲ ಮೇಡಂ, ಒಳ್ಳೇ ಕೆಲಸ’ ಅಂತ ಲೇಡಿ ಕಂಡಕ್ಟರಿಗೆ ಹೇಳಿ ಇಳಿದರೆ ತಪ್ಪೇನಿಲ್ಲ. ಮುಖ, ನಗು, ಸೀರೆ, ದನಿ ಯಾವುದೂ ಬೇಡ. ಖಾಲಿ ಪ್ಲಾಟ್‌ಫಾರಂನಲ್ಲಿ, ಕತ್ತಲಾದ ಮೇಲೆ, ಒಂಟಿಯಾಗಿ ನಡೆಯುತ್ತಿರುವವರಿಗೆ ಏನನ್ನೂ ಹೇಳಬೇಡಿ, ಎಷ್ಟೇ ಒಳ್ಳೇ ಮಾತಾದರೂ. ಅದೇ ವ್ಯಕ್ತಿಗೆ ಮರುದಿನ ಮತ್ತೆ ಹೋಗಿ ಹೇಳಬೇಡಿ. ಸಂದೇಹ ಇದ್ದರೆ ಬಿಟ್ಟುಬಿಡಿ. ನಿಮ್ಮ ಮೆಚ್ಚುಗೆ ಕೇಳದೇ ಇದ್ದರೆ ಯಾರಿಗೂ ನಷ್ಟ ಇಲ್ಲ, ಹೆದರಿಕೆ ಹುಟ್ಟಿಸಿದರೆ ನಷ್ಟ ಇದೆ.

ಪೌರಕಾರ್ಮಿಕ ಮಹಿಳೆಯ ವಿಷಯಕ್ಕೆ ಈಗಲೂ ಹೊತ್ತು ಮೀರಿಲ್ಲ. ಮತ್ತೆ ಬಂದಾಗ ಹೆಂಡತಿಯನ್ನೂ ಬಾಗಿಲಿಗೆ ಕರೆದು, ‘ಅವತ್ತು ಮಳೇಲಿ ನೀವು ಚರಂಡಿ ಬಿಡಿಸದೇ ಇದ್ದಿದ್ರೆ ನಮ್ಮನೆಗೆ ನೀರು ನುಗ್ತಿತ್ತಮ್ಮ’ ಅಂತ ಆದದ್ದನ್ನು ಆದ ಹಾಗೆ ಹೇಳಿ. ಅದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಗಮನಿಸಿದಿರಾ? ಅವರ ಕೆಲಸದಿಂದ ನಿಮಗೆ ಏನಾಯಿತು ಅನ್ನುವುದಷ್ಟೇ ಇದೆ. ತಾವು ಮಾಡಿದ್ದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದು ಇಂಥ ಕೆಲಸದವರಿಗೆ ಯಾವತ್ತೂ ತಿಳಿಯುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳದೆ ಬಿಡಲಾರೆ. ಜಪಾನಿನ ಕೆಯಿಸೆ ಇಝುಮಾ ಮತ್ತು ಸಂಗಡಿಗರು 2008ರಲ್ಲಿ, ಮೆಚ್ಚುಗೆ ಸಿಕ್ಕಾಗಲೂ ದುಡ್ಡು ಸಿಕ್ಕಾಗಲೂ ಮಿದುಳಿನ ಒಂದೇ ಭಾಗ ಚುರುಕಾಗುತ್ತದೆ ಅಂತ ಸ್ಕ್ಯಾನ್ ಮಾಡಿ ತೋರಿಸಿದರು. ಇದನ್ನು ಹಿಡಿದು ಮೆಚ್ಚುಗೆಯೂ ಸಂಬಳವೇ ಅನ್ನುವ ಮಾಲೀಕರಿದ್ದಾರೆ. ಮಿದುಳಿನ ಆ ಭಾಗ ಅಕ್ಕಿ ತರುವುದಿಲ್ಲ. ಪ್ರತಿ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸಿ ಭಾಷಣ ಮಾಡುತ್ತೇವೆ; ಮರುದಿನ ಅದೇ ಕೈಗಳು ನಾವು ಬೆರೆಸಿ ಕೊಟ್ಟ ಹಸಿ ಕಸ, ಒಣ ಕಸ, ಒಡೆದ ಗಾಜನ್ನು ಬರಿಗೈಯಲ್ಲಿ ಬೇರ್ಪಡಿಸುತ್ತವೆ. ನೀವು ಹೇಳುವ ಒಂದು ಮಾತಿನ ಜೊತೆ ಕಸ ಬೇರೆ ಮಾಡಿ ಕೊಟ್ಟರೆ, ಗಾಜನ್ನು ಪೇಪರಿನಲ್ಲಿ ಸುತ್ತಿ ‘ಇದರಲ್ಲಿ ಗಾಜಿದೆ’ ಅಂತ ಎಚ್ಚರಿಸಿದರೆ, ಮಾತು ನಿಜ ಅಂತ ಅವರಿಗೆ ಬೇರೆ ಪುರಾವೆ ಬೇಕಿಲ್ಲ.

ಮಾತನ್ನು ಮೇಲಿನವರಿಗೂ ಮುಟ್ಟಿಸಬಹುದು, ನಮ್ಮಲ್ಲಿ ಇದನ್ನು ಮಾಡುವವರು ತೀರಾ ಕಡಿಮೆ. ದೂರು ಬರೆಯಲು ನಮಗೆ ಪೆನ್ನು ಸಿಗುತ್ತದೆ. ಡ್ರೈವರ್, ಕಂಡಕ್ಟರ್ ಚೆನ್ನಾಗಿ ನಡೆದುಕೊಂಡರೆ ಟಿಕೆಟ್ ಇಟ್ಟುಕೊಂಡು, ಬಸ್ ನಂಬರು, ತಾರೀಕು, ಹೊತ್ತು ಬರೆದು ಡಿಪೋ ಮ್ಯಾನೇಜರಿಗೆ ಅರ್ಧ ಪುಟದ ಪತ್ರ ಹಾಕಿ. ಪಾಲಿಕೆಗಾದರೆ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಹೇಳಿ. ಆಸ್ಪತ್ರೆಯಲ್ಲಿ ಹಿರಿಯ ನರ್ಸಿಗೆ. ದೂರುಗಳಷ್ಟೇ ಬರುವ ಫೈಲಿನಲ್ಲಿ ಇಂಥದ್ದೊಂದು ಹಾಳೆ ಇದ್ದರೆ, ಮುಂದೆ ಯಾರಾದರೂ ಸುಳ್ಳು ದೂರು ಕೊಟ್ಟಾಗ ಅದು ಆ ನೌಕರರ ಪರವಾಗಿ ನಿಲ್ಲಬಹುದು. ಎದುರಿಗೆ ಮಾತು ಬಾರದ ನಿಮ್ಮಂಥವರಿಗೆ ಇದು ಸುಲಭದ ದಾರಿಯೂ ಹೌದು, ಲೆಕ್ಕಪತ್ರದವರಿಗೆ ಬರೆಯಲು ಬಂದೇ ಬರುತ್ತದೆ.

ಪದೇ ಪದೇ ಹೇಳಿದರೆ ಸವೆಯುತ್ತಾ ಅಂತ ಕೆಲವರು ಕೇಳುತ್ತಾರೆ. ಪರಿಚಿತರ ನಡುವೆ ಝಾವ್ ಮತ್ತು ಎಪ್ಲಿ ಇದನ್ನೂ ನೋಡಿದ್ದಾರೆ. ದಿನಕ್ಕೊಂದು ಬೇರೆ ಬೇರೆ ಮೆಚ್ಚುಗೆ ಸಿಕ್ಕವರಿಗೆ ಕೆಲವು ದಿನ ಕಳೆದರೂ ಬೇಸರ ಬರಲಿಲ್ಲ. ‘ಬೇರೆ ಬೇರೆ’ ಅನ್ನುವುದನ್ನು ಗಮನಿಸಿ. ಈ ಅಭ್ಯಾಸವನ್ನು ಮನೆಯಲ್ಲೂ ಒಂದಿಷ್ಟು ಮಾಡಬಹುದು. ಊರಿನವರ ಹೊಲಿಗೆ, ಇಡ್ಲಿ ಎಲ್ಲ ಮೆಚ್ಚಿ ಬಂದು ಮನೆಯ ಸಾರಿಗೆ ಮುಖ ಸಿಂಡರಿಸಿದರೆ, ಊರ ಉಸಾಬರಿ ಅಂತ ಹೆಂಡತಿ ಅನ್ನುವುದರಲ್ಲಿ ತಪ್ಪೇನಿದೆ?

ಕೊನೆಗೆ ಎದೆ ಡವಡವ ಅಂದಿರಲ್ಲ, ಅದರ ಬಗ್ಗೆ. ಹೊಸದಾಗಿ ಮಾತು ಶುರು ಮಾಡುವಾಗ ಇಷ್ಟು ಎಲ್ಲರಿಗೂ ಆಗುತ್ತದೆ, ನಾಲ್ಕೈದು ಸಲ ಹೇಳಿದ ಮೇಲೆ ತಗ್ಗುತ್ತದೆ. ಸುಲಭದವರಿಂದ ಶುರು ಮಾಡಿ. ದಿನಾ ಕಾಣುವ ಟೀ ಅಂಗಡಿಯವರಾದರೂ ಸರಿ. ಆದರೆ ಅಂಗಡಿಯಲ್ಲಿ ಸಾಮಾನು ಕೇಳಲೂ, ಫೋನ್ ಎತ್ತಲೂ, ಆಫೀಸಿನ ಮೀಟಿಂಗಿನಲ್ಲಿ ಬಾಯಿ ತೆರೆಯಲೂ ಹೀಗೇ ಆಗುತ್ತಿದ್ದು, ಅದಕ್ಕಾಗಿ ಜನರನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದರೆ ಅದು ಸಂಕೋಚಕ್ಕಿಂತ ಮುಂದಿನದು, ಚಿಕಿತ್ಸೆ ಇರುವಂಥದ್ದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.